ಮನೆ ತುಂಬ ಧೂಳು, ಡಕ್ಟ್ ಕ್ಲೀನಿಂಗ್ ಮಾಡಿಸ್ಲಾ ಬೇಡ್ವಾ? ಗೊತ್ತಿರೋರು ಹೇಳಿ

ಮರಳುಗಾಳಿ:
ಎಲ್ಲರಿಗೂ ನಮಸ್ಕಾರ. ನಾವಿರೋ ಕಡೆ ಮಳೆ ಕಮ್ಮಿ, ಗಾಳಿ ಜಾಸ್ತಿ, ವರ್ಷದಲ್ಲಿ ಮುಕ್ಕಾಲು ಪಾಲು ಧೂಳೇ ಧೂಳು. ಮನೆಗೆ ಸೆಂಟ್ರಲ್ ಏಸಿ ಇದೆ, ಗಾಳಿ ಸಾಗಿಸೋ ಕೊಳವೆ, ಅಂದ್ರೆ ಡಕ್ಟೆಲ್ಲ, ಸೀಲಿಂಗ್ ಮೇಲೆ ಅಟ್ಟದಲ್ಲಿ ಹೋಗಿದೆ. ಬೆಳಿಗ್ಗೆ ಟೇಬಲ್ ಒರೆಸಿದ್ರೆ ಸಂಜೆ ಹೊತ್ತಿಗೆ ಅದರ ಮೇಲೆ ಬೆರಳಲ್ಲಿ ಹೆಸರು ಬರೀಬಹುದು, ಅಷ್ಟು ಕೂತಿರುತ್ತೆ. ಕಿಟಕಿ ತೆಗೆಯೋದೇ ಇಲ್ಲ, ಆದ್ರೂ ಎಲ್ಲಿಂದ ಬರುತ್ತೋ ಗೊತ್ತಾಗ್ತಿಲ್ಲ. ಮಗನಿಗೆ ರಾತ್ರಿ ಒಣಕೆಮ್ಮು ಬೇರೆ. ಮೊನ್ನೆ ಹಾಲ್‌ನಲ್ಲಿರೋ ದೊಡ್ಡ ರಿಟರ್ನ್ ಗ್ರಿಲ್ ಬಿಚ್ಚಿ ನೋಡಿದೆ, ಹಿಂದೆ ಬೂದು ಬಣ್ಣದ ಕಂಬಳಿ ಥರ ಅಂಟ್ಕೊಂಡಿತ್ತು, ನೋಡಿ ಹೊಟ್ಟೆ ತೊಳಸಿದ ಹಾಗಾಯ್ತು. ಅದೇ ವಾರ ಒಂದು ಕಂಪನಿಯಿಂದ ಫೋನ್ ಬಂತು, ಇಡೀ ಮನೆ ಡಕ್ಟ್ ಒಂದೇ ಗಂಟೇಲಿ ಕ್ಲೀನ್ ಮಾಡಿ ಕೊಡ್ತೀವಿ, ತುಂಬ ಕಮ್ಮಿ ರೇಟು, ಕೆಮ್ಮು ನೆಗಡಿ ಎಲ್ಲ ಹೋಗುತ್ತೆ ಅಂದ್ರು. ಮಾಡಿಸ್ಲಾ? ಮಾಡಿಸಿರೋರು ಇದ್ರೆ ದಯವಿಟ್ಟು ಹೇಳಿ.

ಹಳೇಮನೆ:
ಒಂದು ಗಂಟೆ ಅಂದ್ರೆ ಬೇಡವೇ ಬೇಡ. ಉಳಿದಿದ್ದು ಗೊತ್ತಿರೋರು ಹೇಳ್ತಾರೆ.

ತಗಡುಕೆಲ್ಸ:
ನಾನು ಡಕ್ಟ್ ಮಾಡೋ, ಕೂರ್ಸೋ ಕೆಲಸದಲ್ಲೇ ಹದಿನೆಂಟು ವರ್ಷ ಇದೀನಿ, ಕ್ಲೀನಿಂಗ್ ಟೀಮ್ ಜೊತೆನೂ ಹೋಗಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲನೇದು, ರಿಟರ್ನ್ ಗ್ರಿಲ್ ಮೇಲೆ ಧೂಳು ಇದೆ ಅಂದ್ರೆ ಡಕ್ಟ್ ಹಾಳಾಗಿದೆ ಅಂತಲ್ಲ. ಆ ಗ್ರಿಲ್ ಮೂಲಕ ಮನೆ ಗಾಳಿಯೆಲ್ಲ ಒಳಗೆ ಹೋಗುತ್ತೆ, ಧೂಳು ಅಲ್ಲಿ ಅಂಟೋದು ಸಹಜ, ವ್ಯಾಕ್ಯೂಮ್ ಹಾಕಿ ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ನೋಡ್ಬೇಕಾದ್ದು ಸಪ್ಲೈ ಕಡೆ, ಅಂದ್ರೆ ತಣ್ಣನೆ ಗಾಳಿ ಬರೋ ವೆಂಟ್ ಒಳಗೆ. ಫೋನ್ ಟಾರ್ಚ್ ಹಾಕಿ ಕೈ ಒಳಗೆ ಬಿಟ್ಟು ಒಂದು ವಿಡಿಯೋ ತೆಗೀರಿ.

ಎರಡನೇದು, ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಧೂಳಿನ ಪ್ರದೇಶದಲ್ಲಿ ಡಕ್ಟ್ ಒಳಗಿರೋ ಧೂಳನ್ನ ತೆಗೆಯೋ ಮುಂಚೆ ಅದು ಎಲ್ಲಿಂದ ಒಳಗೆ ಬಂತು ಅಂತ ಹುಡುಕಬೇಕು. ಅದನ್ನ ಬಿಟ್ಟು ಬರೀ ಕ್ಲೀನ್ ಮಾಡ್ಸಿದ್ರೆ ತೂತಿರೋ ದೋಣಿಯಿಂದ ನೀರು ಎತ್ತಿ ಹಾಕ್ದಂಗೆ, ಎತ್ತಿದಷ್ಟೂ ಬರ್ತಾನೇ ಇರುತ್ತೆ. ಸಪ್ಲೈ ಡಕ್ಟ್ ಒಳಗೆ ಒತ್ತಡ ಜಾಸ್ತಿ, ಅಲ್ಲಿ ಸಂದಿ ಇದ್ರೆ ತಣ್ಣನೆ ಗಾಳಿ ಅಟ್ಟಕ್ಕೆ ಸೋರಿಹೋಗುತ್ತೆ. ರಿಟರ್ನ್ ಡಕ್ಟಲ್ಲಿ ಉಲ್ಟಾ, ಬ್ಲೋವರ್, ಅಂದ್ರೆ ಏಸಿ ಯೂನಿಟ್ ಒಳಗಿನ ಫ್ಯಾನ್, ಎಳೀತಾ ಇರುತ್ತೆ, ಬೆರಳು ತೂರೋ ಸಂದಿ ಇದ್ರೂ ಸಾಕು, ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿರೋ ಧೂಳನ್ನ ಹೀರ್ಕೊಂಡು ಬರುತ್ತೆ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಹೊಳೆಯಲ್ಲ. ಸಪ್ಲೈ ಕಡೆ ಅಟ್ಟಕ್ಕೆ ಗಾಳಿ ಸೋರಿದ್ರೆ ಅಷ್ಟು ಗಾಳಿ ಮನೆಯೊಳಗೆ ಕಮ್ಮಿ ಆಯ್ತು ತಾನೆ, ಅದನ್ನ ತುಂಬ್ಕೊಳೋಕೆ ಮನೆ ಹೊರಗಿನ ಗಾಳೀನ ಬಾಗಿಲ ಕೆಳಗಿಂದ, ಕಿಟಕಿ ಚೌಕಟ್ಟಿಂದ, ಸ್ವಿಚ್ ಬೋರ್ಡ್ ತೂತಿಂದ ಎಳ್ಕೊಳುತ್ತೆ. ಆ ಗಾಳಿ ಜೊತೆ ಧೂಳೂ ಬರುತ್ತೆ. ಕಿಟಕಿ ಮುಚ್ಚಿದ್ರೂ ಧೂಳು ಅಂತೀರಲ್ಲ, ಅರ್ಧ ಕಥೆ ಇಲ್ಲೇ ಇರಬಹುದು. ಅಮೆರಿಕದ ಎನರ್ಜಿ ಸ್ಟಾರ್ ಕಾರ್ಯಕ್ರಮದವರು ಸಾಮಾನ್ಯ ಮನೆಗಳಲ್ಲಿ ಡಕ್ಟ್ ಒಳಗೆ ಹರಿಯೋ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಸೋರಿಹೋಗುತ್ತೆ ಅಂತಾರೆ. ನಾನು ಅಟ್ಟಗಳಲ್ಲಿ ನೋಡಿರೋದೂ ಅದೇ ಥರ, ಜಾಯಿಂಟಲ್ಲಿ ಟೇಪ್ ಒಣಗಿ ಸುರುಳಿ ಸುತ್ಕೊಂಡು ನೇತಾಡ್ತಾ ಇರುತ್ತೆ.

ಮರಳುಗಾಳಿಯವ್ರೇ, ಫಿಲ್ಟರ್ ಎಲ್ಲಿದೆ, ಗ್ರಿಲ್ ಹಿಂದೇನಾ ಅಥವಾ ಏಸಿ ಯೂನಿಟ್ ಪಕ್ಕದಲ್ಲಾ? ಅದು ತಿಳಿದ್ರೆ ಮುಂದಿನ ಮಾತು ಹೇಳಬಹುದು.

ನೆರಳು:
ತಗಡುಕೆಲ್ಸ ಸರ್ ಹೇಳಿದ್ದು ಸರಿ ಇರಬಹುದು, ಆದ್ರೆ ನಮಗಂತೂ ಕ್ಲೀನಿಂಗ್‌ನಿಂದ ನಿಜವಾಗ್ಲೂ ಉಪಯೋಗ ಆಯ್ತು, ಅದನ್ನೂ ಹೇಳ್ಬೇಕು. ಹೊಸ ಮನೆ, ಗೃಹಪ್ರವೇಶ ಆದಾಗಿಂದ ಏಸಿ ಹಾಕಿದಾಗಲೆಲ್ಲ ವೆಂಟಿಂದ ಬಿಳೀ ಪುಡಿ ಉದುರೋದು, ಹಾಸಿಗೆ ಮೇಲೆ ದಿನಾ ಬೆಳಿಗ್ಗೆ ತೆಳ್ಳಗೆ ಹಿಟ್ಟು ಚೆಲ್ಲಿದಂಗೆ. ಕ್ಲೀನಿಂಗ್‌ನವರು ಬಂದು ತೆಗೆದಾಗ ಒಳಗೆ ಸಿಕ್ಕಿದ್ದು ಮರದ ಹೊಟ್ಟು, ಸೀಲಿಂಗ್ ಉಜ್ಜಿದ ಪ್ಲಾಸ್ಟರ್ ಪುಡಿ, ನಾಲ್ಕು ಸ್ಕ್ರೂ, ಸಿಮೆಂಟ್ ಚೀಲದ ಒಂದು ತುಂಡು. ಕಟ್ಟುವಾಗ ವೆಂಟಿನ ಬಾಯಿ ಯಾರೂ ಮುಚ್ಚಿರಲಿಲ್ಲ, ಅದೇ ಕಾರಣ. ಕ್ಲೀನ್ ಆದ ಮೇಲೆ ಆ ಬಿಳೀ ಪುಡಿ ನಿಂತೇ ಹೋಯ್ತು. ಹಾಗಾಗಿ ಸುಮ್ನೆ ಬೇಡ ಅನ್ನೋಕೂ ಆಗಲ್ಲ.

ತಗಡುಕೆಲ್ಸ:
ಅಕ್ಕ, ನಿಮ್ಮದು ಮಾಡಿಸ್ಲೇಬೇಕಾದ ಕೇಸು. ವೆಂಟಿಂದ ಕಣ್ಣಿಗೆ ಕಾಣೋ ಹಾಗೆ ಪುಡಿ ಬರ್ತಿದ್ರೆ ಮಾಡಿಸ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ರಿಪೇರಿ, ಪೇಂಟಿಂಗ್, ಗೋಡೆ ಉಜ್ಜೋ ಕೆಲಸ ಮಾಡ್ಸೋರೆಲ್ಲ ದಯವಿಟ್ಟು ಆ ದಿನಗಳಲ್ಲಿ ಏಸಿ ಆಫ್ ಮಾಡಿ, ಪ್ರತಿ ವೆಂಟಿಗೂ ಪ್ಲಾಸ್ಟಿಕ್ ಶೀಟ್ ಹಚ್ಚಿ ಅಂಚೆಲ್ಲ ಟೇಪ್ ಹಾಕಿ.

ಅಕ್ಷರಜೀವಿ:
ಓದಿದ್ದನ್ನ ಹೇಳ್ತೀನಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ಇದೇ ವಿಷಯದ ಮೇಲೆ ಜನರಿಗೋಸ್ಕರ ಒಂದು ಕೈಪಿಡಿ ಮಾಡಿದೆ. ಡಕ್ಟ್ ಕ್ಲೀನಿಂಗ್‌ನಿಂದ ಕಾಯಿಲೆ ತಡೆಯಬಹುದು ಅಂತ ಇಲ್ಲೀವರೆಗೂ ಸಾಬೀತಾಗಿಲ್ಲ, ಡಕ್ಟಲ್ಲಿರೋ ಕೊಳೆ ಬಹಳಷ್ಟು ಗೋಡೆಗೇ ಅಂಟ್ಕೊಂಡಿರುತ್ತೆ, ರೂಮಿಗೆ ಬಂದೇ ಬರುತ್ತೆ ಅಂತಿಲ್ಲ ಅಂತ ಅದರಲ್ಲಿದೆ. ವರ್ಷಕ್ಕೊಂದ್ಸಲ ಅಂತ ಲೆಕ್ಕ ಹಾಕಿ ಮಾಡಿಸೋದಲ್ಲ, ಬೇಕಾದಾಗ ಮಾಡಿಸಿ ಅಂತಾರೆ. ಬೇಕಾಗೋದು ಯಾವಾಗ ಅಂದ್ರೆ ಡಕ್ಟ್ ಒಳಗೆ ಅಥವಾ ಏಸಿಯ ಬೇರೆ ಭಾಗದಲ್ಲಿ ಕಣ್ಣಿಗೆ ಕಾಣೋ ಬೂಷ್ಟು ಬೆಳೆದಿದ್ರೆ, ಇಲಿ ಹುಳ ಸೇರ್ಕೊಂಡಿದ್ರೆ, ಇಲ್ಲಾ ಧೂಳು ಕಸ ತುಂಬಿ ಕಟ್ಕೊಂಡು ವೆಂಟಿಂದ ಹೊರಗೆ ಬೀಳ್ತಿದ್ರೆ. ಈ ಮೂರರಲ್ಲಿ ಯಾವುದಾದ್ರೂ ಇದ್ರೆ ಕಾರಣ ಮೊದಲು ಸರಿ ಮಾಡಿ ಆಮೇಲೆ ಕ್ಲೀನ್ ಮಾಡಿಸಿ ಅಂತ ಅವರೂ ಹೇಳ್ತಾರೆ, ತಗಡುಕೆಲ್ಸ ಅವ್ರು ದೋಣಿ ಅಂದ್ರಲ್ಲ, ಅದೇ ಮಾತು. ಕೆನಡಾದ ವಸತಿ ಸಂಸ್ಥೆ ಸಿಎಂಎಚ್‌ಸಿ ಅಭಿಪ್ರಾಯನೂ ಹೆಚ್ಚೂಕಮ್ಮಿ ಹೀಗೇ ಇದೆ, ಕ್ಲೀನ್ ಮಾಡಿಸಿದ ಮಾತ್ರಕ್ಕೆ ಉಸಿರಾಡೋ ಗಾಳಿ ಸಾಮಾನ್ಯವಾಗಿ ಬದಲಾಗಲ್ಲ ಅಂತ. ಫೋನಲ್ಲಿ ಕೆಮ್ಮು ಹೋಗುತ್ತೆ ಅಂತ ಮಾತು ಕೊಡೋರನ್ನ ಅಲ್ಲೇ ಬಿಟ್ಬಿಡಿ. ಮಗನ್ನ ಡಾಕ್ಟರ್‌ಗೆ ತೋರ್ಸಿದ್ರಾ?

ಮರಳುಗಾಳಿ:
ಹೌದು ಸರ್, ತೋರ್ಸಿದೀವಿ, ಧೂಳಿನ ಅಲರ್ಜಿ ಇರಬಹುದು ಅಂದಿದಾರೆ, ಔಷಧಿ ನಡೀತಿದೆ.

ತಗಡುಕೆಲ್ಸ ಅಣ್ಣ, ಫಿಲ್ಟರ್ ಅಟ್ಟದಲ್ಲಿ ಯೂನಿಟ್ ಪಕ್ಕಾನೇ ಇದೆ, ಒಂದಿಂಚು ದಪ್ಪದ್ದು. ನಿಮ್ಮ ಮಾತು ಓದಿ ನಿನ್ನೆ ಸಂಜೆ ಬಿಸಿಲು ಇಳಿದ ಮೇಲೆ ಹತ್ತಿ ಹೊರಗೆಳೆದೆ. ಒಂದು ವಿಷಯ ಕಣ್ಣಿಗೆ ಬಿತ್ತು. ಫಿಲ್ಟರ್ ಮಧ್ಯೆ ಸಮವಾಗಿ ಬೂದು ಬಣ್ಣ, ಆದ್ರೆ ರಟ್ಟಿನ ಚೌಕಟ್ಟಿನ ಒಂದು ಉದ್ದದ ಅಂಚಿನಲ್ಲಿ ಮಾತ್ರ ಕಪ್ಪು ಗೆರೆ, ಪೆನ್ಸಿಲಲ್ಲಿ ಎಳೆದಂಗೆ, ಮತ್ತೆ ಆ ಕಡೆ ರಟ್ಟು ಒಳಕ್ಕೆ ಬಾಗಿತ್ತು. ಫಿಲ್ಟರ್ ಕೂರೋ ಜಾಗಕ್ಕೆ ಅದು ಅರ್ಧ ಇಂಚು ಚಿಕ್ಕದು, ಅಲುಗಾಡ್ತಿದೆ. ಆ ಸ್ಲಾಟ್‌ಗೆ ಮುಚ್ಚಳನೂ ಇಲ್ಲ, ಬಾಯಿ ತೆರ್ಕೊಂಡು ಅಟ್ಟಕ್ಕೇ ಮುಖ ಮಾಡಿದೆ.

ತಗಡುಕೆಲ್ಸ:
ಸಿಕ್ತು ನೋಡಿ! ಆ ಕಪ್ಪು ಗೆರೆ ಅಂದ್ರೆ ಗಾಳಿ ಫಿಲ್ಟರ್ ಒಳಗೆ ಹೋಗೋ ಬದಲು ಪಕ್ಕದ ಸಂದಿಯಿಂದ ನುಸುಳಿ ಹೋಗ್ತಿದೆ ಅಂತ. ಗಾಳಿಗೆ ಎಲ್ಲಿ ಅಡ್ಡಿ ಕಮ್ಮಿಯೋ ಅಲ್ಲೇ ಹೋಗುತ್ತೆ, ಅರ್ಧ ಇಂಚು ಸಂದಿ ಅಂದ್ರೆ ಅದಕ್ಕೆ ಹೆದ್ದಾರಿ. ಜೊತೆಗೆ ಸ್ಲಾಟ್ ಬಾಯಿಗೆ ಮುಚ್ಚಳ ಇಲ್ಲ ಅಂದ್ರೆ ಅಟ್ಟದ ಗಾಳೀನ ಬ್ಲೋವರ್ ನೇರವಾಗಿ ಎಳೀತಿದೆ.

ಏಸಿ ಓಡೋವಾಗ ಒಂದು ಊದುಬತ್ತಿ ಹಚ್ಚಿ ಸ್ಲಾಟ್ ಹತ್ರ, ರಿಟರ್ನ್ ಡಬ್ಬದ ಪ್ರತಿ ಜಾಯಿಂಟ್ ಹತ್ರ ನಿಧಾನಕ್ಕೆ ಹಿಡೀರಿ, ಅಟ್ಟದಲ್ಲಿ ಇನ್ಸುಲೇಶನ್ ಇದ್ರೆ ಕಿಡಿ ಬೀಳದ ಹಾಗೆ ಜೋಪಾನ, ಇಲ್ಲಾ ತೆಳ್ಳನೆ ಟಿಶ್ಯೂ ಪಟ್ಟಿ ಆದ್ರೂ ನಡೆಯುತ್ತೆ. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತೋ ಅಲ್ಲಿ ಮಾರ್ಕರ್‌ನಲ್ಲಿ ಗುರುತು ಹಾಕಿ. ಆ ಜಾಗಗಳಿಗೆ ಮ್ಯಾಸ್ಟಿಕ್ ಬಳೀಬೇಕು, ಬ್ರಶ್ಶಲ್ಲಿ ಹಚ್ಚೋ ಗಟ್ಟಿ ಪೇಸ್ಟ್ ಅದು, ಒಣಗಿದ ಮೇಲೂ ರಬ್ಬರ್ ಥರ ಬಾಗುತ್ತೆ. ದೊಡ್ಡ ಸಂದಿ ಇದ್ರೆ ಮೊದಲು ಜಾಲರಿ ಟೇಪ್ ಹಾಕಿ ಅದರ ಮೇಲೆ ಬಳೀಬೇಕು. ಬಟ್ಟೆ ಥರದ ಬೂದು ಡಕ್ಟ್ ಟೇಪ್ ಮಾತ್ರ ಹಾಕ್ಬೇಡಿ, ಹೆಸರು ಡಕ್ಟ್ ಟೇಪ್ ಅಂತಿದ್ರೂ ಡಕ್ಟ್ ಬಿಸೀಗೆ ಅದರ ಅಂಟು ನಿಲ್ಲಲ್ಲ. 1998ರಲ್ಲಿ ಲಾರೆನ್ಸ್ ಬರ್ಕ್‌ಲಿ ಲ್ಯಾಬ್‌ನವರು ಇದನ್ನೇ ಪರೀಕ್ಷೆ ಮಾಡಿ ಸೋಲ್ತಿರೋದು ಬಟ್ಟೆ ಟೇಪೇ ಅಂತ ತೋರ್ಸಿದ್ರು.

ಉಸಿರು:
ಇದನ್ನೆಲ್ಲ ಎರಡು ವರ್ಷದ ಹಿಂದೆ ಯಾರಾದ್ರೂ ನನಗೆ ಹೇಳಿದ್ರೆ ಚೆನ್ನಾಗಿರ್ತಿತ್ತು. ನನ್ನ ಮಗಳಿಗೆ ಉಬ್ಬಸ ಇದೆ, ಅವಳಿಗೋಸ್ಕರಾನೇ ಮಾಡಿಸಿದ್ದು. ಇಬ್ಬರು ಬಂದ್ರು, ಮನೇಲಿ ಕಾರ್ಪೆಟ್‌ಗೆ ಹಾಕೋ ಅಂಥದ್ದೇ ವ್ಯಾಕ್ಯೂಮ್, ಒಂದು ಉದ್ದ ಬ್ರಶ್ಶು, ಅಷ್ಟೇ ಅವರ ಸಾಮಾನು. ಒಂದೊಂದು ವೆಂಟಿಗೂ ಬ್ರಶ್ ತೂರ್ಸಿ ತಿರುಗಿಸಿದ್ರು, ಉದುರಿದ ಧೂಳೆಲ್ಲ ಪಕ್ಕದ ರೂಮಿನ ವೆಂಟಿಂದ ಹೊರಗೆ ಬಂತು, ಸೋಫಾ ಮೇಲೆ, ಅವಳ ಪುಸ್ತಕಗಳ ಮೇಲೆಲ್ಲ. ಆಮೇಲೆ ಒಳಗೆ ಬೂಷ್ಟು ಇದೆ ಅಂತ ಹೇಳಿ ಹೆಚ್ಚಿಗೆ ದುಡ್ಡು ಇಸ್ಕೊಂಡು ಏನೋ ವಾಸನೆ ಬರೋ ಹೊಗೆ ಬಿಟ್ರು. ಎರಡು ರಾತ್ರಿ ಅವಳು ಮಲಗಲಿಲ್ಲ, ದಿಂಬು ಎತ್ತರ ಮಾಡಿ ಕೂರ್ಸಿ ಇನ್ಹೇಲರ್ ಕೊಡ್ತಾ ನಾನೂ ಕೂತಿದ್ದೆ. ಈಗ್ಲೂ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಯಾರಾದ್ರೂ ಸರಿಯಾದ ಕೆಲಸ ಹೇಗಿರುತ್ತೆ ಅಂತ ಬಿಡಿಸಿ ಬರೀರಿ, ಓದೋರಿಗೆ ಉಪಯೋಗ ಆಗಲಿ.

ತಗಡುಕೆಲ್ಸ:
ಮೇಡಂ, ಓದಿ ತುಂಬ ಬೇಜಾರಾಯ್ತು. ನಿಮ್ಮ ಮನೇಲಿ ಆದದ್ದು ಕ್ಲೀನಿಂಗ್ ಅಲ್ಲ, ಧೂಳು ಕೆದಕಿದ್ದು.

ಸರಿಯಾದ ಕೆಲಸದ ಜೀವಾಳ ನೆಗೆಟಿವ್ ಪ್ರೆಶರ್. ಯೂನಿಟ್ ಹತ್ರ ದೊಡ್ಡ ಡಕ್ಟ್‌ಗೆ ಒಂದು ರಂಧ್ರ ಕೊಯ್ದು, ಅಲ್ಲಿಗೆ ಆಳೆತ್ತರದ ಮೆಷಿನ್‌ನಿಂದ ದಪ್ಪ ಪೈಪು ಜೋಡಿಸ್ತಾರೆ. ಆ ಮೆಷಿನ್ ಇಡೀ ಡಕ್ಟ್ ಒಳಗಿನ ಗಾಳೀನ ತನ್ನ ಕಡೆ ಎಳ್ಕೊಳ್ತಾ ಇರುತ್ತೆ, ಗಾಳಿ ಹೊರಗೆ ಬಿಡೋ ಜಾಗ ಮನೆಯೊಳಗಿದ್ರೆ ಹೆಪಾ ಫಿಲ್ಟರ್ ಇರಲೇಬೇಕು, ಹೆಪಾ ಅಂದ್ರೆ 0.3 ಮೈಕ್ರಾನ್ ಕಣದಲ್ಲಿ ಶೇಕಡಾ 99.97 ಹಿಡಿಯೋದು, ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕೆಲಸ ಮಾಡ್ತಿರೋ ವೆಂಟ್ ಒಂದು ಬಿಟ್ಟು ಉಳಿದೆಲ್ಲ ವೆಂಟ್ ಬಾಯಿ ಮುಚ್ಚಿರ್ತಾರೆ. ಆಮೇಲೆ ದೂರದ ರೂಮಿಂದ ಶುರು ಮಾಡಿ ಒಂದೊಂದೇ ಕವಲಿಗೆ ತಿರುಗೋ ಬ್ರಶ್ಶೋ, ಕಂಪ್ರೆಸರ್ ಗಾಳಿಯ ಚಾಟಿಯೋ ಬಿಟ್ಟು ಧೂಳು ಬಡಿದು ಎಬ್ಬಿಸ್ತಾರೆ, ಎದ್ದ ಧೂಳು ಮೆಷಿನ್ ಕಡೆಗೇ ಓಡುತ್ತೆ, ರೂಮಿಗೆ ಬರಲ್ಲ. ನೀವು ವೆಂಟ್ ಹತ್ರ ಟಿಶ್ಯೂ ಹಿಡಿದ್ರೆ ಅದು ಒಳಕ್ಕೆ ಎಳೆಯಬೇಕು. ಹೊರಕ್ಕೆ ಹಾರಿದ್ರೆ ಅಲ್ಲೇ ಕೆಲಸ ನಿಲ್ಸಿ ಅನ್ನಿ. ಮುಗಿದ ಮೇಲೆ ಕೊಯ್ದ ರಂಧ್ರಕ್ಕೆ ತಗಡಿನ ಪ್ಯಾಚ್ ಹಾಕಿ ಸ್ಕ್ರೂ ಹೊಡೆದು ಅಂಚಿಗೆ ಮ್ಯಾಸ್ಟಿಕ್ ಬಳೀಬೇಕು, ಬರೀ ಟೇಪ್ ಅಂಟಿಸಿ ಹೋದ್ರೆ ಹೊಸ ಸೋರಿಕೆ ಮಾಡಿ ಹೋದಂಗೆ. ಒಂದು ಮನೆಗೆ ಅರ್ಧ ದಿನ ಹಿಡಿಯೋದು ಮಾಮೂಲು.

ಬ್ಲೋವರ್, ಗಾಳಿ ತಣ್ಣಗೆ ಮಾಡೋ ಕಾಯಿಲ್, ನೀರು ಬೀಳೋ ಟ್ರೇ, ಇವನ್ನ ಮಾಡದೆ ಹೋದ್ರೆ ಕೆಲಸ ಅರ್ಧ. ಧೂಳಿನ ಕಡೆ ನಾನು ಮೊದಲು ತೆಗೆಸೋದೇ ಬ್ಲೋವರ್. ಅದರ ಚಕ್ರದಲ್ಲಿ ಸಣ್ಣ ಸಣ್ಣ ಬಾಗಿದ ರೆಕ್ಕೆ ಇರ್ತವೆ, ಆ ಬಾಗಿನ ಒಳಗೆ ಧೂಳು ತುಂಬಿ ಚಪ್ಪಟೆ ಆಗ್ಬಿಟ್ರೆ ಮೋಟಾರ್ ತಿರುಗುತ್ತೆ, ಗಾಳಿ ಮಾತ್ರ ಬರಲ್ಲ. ಕಾಯಿಲ್ ಒದ್ದೆ ಇರುತ್ತೆ, ಒದ್ದೆಗೆ ಧೂಳು ಸೇರಿದ್ರೆ ಕೆಸರು. ಒಣ ಪ್ರದೇಶದಲ್ಲಿ ತಗಡಿನ ಡಕ್ಟ್ ಒಳಗೆ ಬೂಷ್ಟು ಬರೋದು ಅಪರೂಪ, ಬಂದ್ರೆ ಈ ಕಾಯಿಲ್ ಸುತ್ತಮುತ್ತಾನೇ ಹುಡುಕಬೇಕು. ಯಾರಾದ್ರೂ ಕಪ್ಪು ಕಲೆ ತೋರ್ಸಿ ಬೂಷ್ಟು ಅಂದ್ರೆ ಗಾಬರಿ ಆಗಿ ಒಪ್ಕೋಬೇಡಿ, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳ್ಸಿ ಖಚಿತ ಮಾಡ್ಕೊಳಿ.

ಹೊಗೆ ಸ್ಪ್ರೇ ಮಾತು ಬಂತಲ್ಲ, ಕೇಳದೆ ಯಾವ ಕೆಮಿಕಲ್ಲೂ ಹಾಕೋಕೆ ಬಿಡಬೇಡಿ. ಮುಖ್ಯವಾಗಿ ಒಳಗೆ ಫೈಬರ್‌ಗ್ಲಾಸ್ ಲೈನಿಂಗ್ ಇರೋ ಡಕ್ಟಲ್ಲಿ ಬಳಸೋಕೆ ಅಂತ ಒಪ್ಪಿಗೆ ಕೊಟ್ಟಿರೋ ಔಷಧಿ ಯಾವುದೂ ಇಲ್ಲ ಅಂತ ಇಪಿಎ ಹೇಳುತ್ತೆ. ಆ ಲೈನಿಂಗ್ ಒದ್ದೆ ಆಗಿ ಬೂಷ್ಟು ಹಿಡಿದ್ರೆ ತೊಳೆಯೋಕಾಗಲ್ಲ, ಆ ತುಂಡು ತೆಗೆದು ಹೊಸದು ಹಾಕೋದೇ. ಸುರುಳಿ ತಂತಿ ಇರೋ ಮೆತ್ತನೆ ಫ್ಲೆಕ್ಸ್ ಪೈಪಿಗೂ ಒರಟು ಬ್ರಶ್ ಹಾಕಿದ್ರೆ ಒಳಪದರ ಹರಿಯುತ್ತೆ, ಹಳೇದಾಗಿ ಕೊಳೆ ತುಂಬಿದ್ರೆ ಬದಲಾಯ್ಸಿಬಿಡೋದು ಒಳ್ಳೇದು. ತುಂಬ ಹಳೇ ಮನೆ ಆದ್ರೆ ಡಕ್ಟ್ ಸುತ್ತಿರೋ ಬಿಳೀ ಪಟ್ಟಿ, ಇನ್ಸುಲೇಶನ್ ಒಳಗೆ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಆಗೋವರೆಗೂ ಕೈ ಹಾಕ್ಬಾರದು.

ಯಾರನ್ನ ಕರೀಬೇಕು ಅಂತ ಕೇಳೋರಿಗೆ, ಈ ಕಸುಬಿನವರದ್ದೇ ನಾಡ್ಕಾ ಅಂತ ಒಂದು ಅಂತರರಾಷ್ಟ್ರೀಯ ಸಂಘ ಇದೆ, 1989ರಲ್ಲಿ ಶುರುವಾಗಿದ್ದು, ಕೆಲಸ ಹೀಗೇ ಇರಬೇಕು ಅಂತ ಎಸಿಆರ್ ಅನ್ನೋ ಮಾನದಂಡ ಮಾಡಿದಾರೆ. ಆ ಪ್ರಕಾರ ಮಾಡ್ತೀರಾ ಅಂತ ಕೇಳಿ, ಕ್ಲೀನ್ ಮಾಡೋ ಮುಂಚಿನ ಫೋಟೋ ನಂತರದ ಫೋಟೋ ನಿಮ್ಮ ಮನೇದೇ, ಅದೇ ವೆಂಟಿಂದೇ ಕೊಡೋಕೆ ಹೇಳಿ.

ಬಿಸಿಲುಮಚ್ಚು:
ಫಿಲ್ಟರ್ ಬಗ್ಗೆ ಒಂದು ಡೌಟು. ಧೂಳು ಜಾಸ್ತಿ ಅಂತ ಅಂಗಡೀಲಿ ಸಿಕ್ಕಿದ್ರಲ್ಲಿ ಅತಿ ಜಾಸ್ತಿ ನಂಬರಿನದು ಹಾಕಿದೆ, ಮರ್ವ್ 13 ಅಂತೆ, ಈಗ ಹಿಂದಿನ ರೂಮಿಗೆ ಗಾಳಿನೇ ಬರ್ತಿಲ್ಲ.

ತಗಡುಕೆಲ್ಸ:
ಮರ್ವ್ ಅಂದ್ರೆ ಫಿಲ್ಟರ್ ಎಷ್ಟು ಚೆನ್ನಾಗಿ ಕಣ ಹಿಡಿಯುತ್ತೆ ಅನ್ನೋ ಅಳತೆ. ಮರ್ವ್ 13 ಒಳ್ಳೇದೇ, 1ರಿಂದ 3 ಮೈಕ್ರಾನ್ ಕಣದಲ್ಲಿ ಕನಿಷ್ಠ ಶೇಕಡಾ 85 ಹಿಡಿಯುತ್ತೆ, ಮರ್ವ್ 8 ಆದ್ರೆ ಅದೇ ಅಳತೆಯ ಕಣದಲ್ಲಿ ಕನಿಷ್ಠ ಶೇಕಡಾ 20 ಅಷ್ಟೇ. ಕೆಮ್ಮು ಉಬ್ಬಸ ಇರೋ ಮನೆಗೆ ಈ ಸಣ್ಣ ಕಣಗಳೇ ಮುಖ್ಯ, ಯಾಕಂದ್ರೆ 10 ಮೈಕ್ರಾನ್ ಧೂಳು ನಿಂತ ಗಾಳೀಲಿ ಕೆಲವು ನಿಮಿಷಕ್ಕೇ ನೆಲ ಸೇರುತ್ತೆ, 1 ಮೈಕ್ರಾನಿಂದು ಗಂಟೆಗಟ್ಟಲೆ ತೇಲ್ತಾ ಇರುತ್ತೆ. ತೊಂದರೆ ಅಂದ್ರೆ ಒಂದಿಂಚು ದಪ್ಪದಲ್ಲಿ ಮರ್ವ್ 13 ಹಾಕಿದ್ರೆ ಬ್ಲೋವರ್‌ಗೆ ಮೂಗು ಮುಚ್ಚಿದಂಗೆ. ಮನೆ ಏಸಿಗಳು ಸಾಮಾನ್ಯವಾಗಿ ಒಟ್ಟು 0.5 ಇಂಚು ನೀರಿನ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿರೋವು, ಅಂದ್ರೆ ಗಾಳಿಗೆ ಅಷ್ಟು ಅಡ್ಡಿ ಇದ್ರೆ ಮಾತ್ರ ತಡ್ಕೊಳೋವು. ನಾಲ್ಕಿಂಚು ದಪ್ಪದ ಫಿಲ್ಟರ್ ಕೂರೋ ಡಬ್ಬ ಮಾಡ್ಸಿ, ಮಡಿಕೆ ಆಳ ಇರೋದ್ರಿಂದ ಕಾಗದದ ವಿಸ್ತೀರ್ಣ ಜಾಸ್ತಿ ಆಗಿ ಗಾಳಿ ಸರಾಗ ಹೋಗುತ್ತೆ. ಅಲ್ಲೀವರೆಗೂ ಮರ್ವ್ 8 ಹಾಕಿ, ಧೂಳಿನ ಕಾಲದಲ್ಲಿ ಡಬ್ಬದ ಮೇಲಿನ ತಾರೀಕು ನಂಬದೆ ತಿಂಗಳಿಗೊಂದ್ಸಲ ತೆಗೆದು ನೋಡಿ.

ನೆರಳು:
ಧೂಳುಗಾಳಿ ಎದ್ದಾಗ ಏಸಿ ಹಾಕ್ಬೇಕಾ ಬೇಡ್ವಾ?

ತಗಡುಕೆಲ್ಸ:
ಹೊರಗಿನ ಗಾಳಿ ತರೋ ಡ್ಯಾಂಪರ್, ಅಂದ್ರೆ ಆ ದಾರಿಯ ಮುಚ್ಚೋ ತೆರೆಯೋ ಬಾಗಿಲು, ಇದ್ರೆ ಅದನ್ನ, ಅಡುಗೆಮನೆ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನನ್ನ ಮೊದಲು ಬಂದ್ ಮಾಡಿ. ಡಕ್ಟ್ ಸೋರ್ತಾ ಇಲ್ಲ ಅಂತ ಗ್ಯಾರಂಟಿ ಇದ್ರೆ ಏಸಿ ಓಡ್ಲಿ, ಫಿಲ್ಟರ್ ಕೆಲಸ ಮಾಡುತ್ತೆ. ಸೋರೋ ಡಕ್ಟ್ ಆದ್ರೆ ಗಾಳಿ ಇಳಿಯೋವರೆಗೂ ಆಫ್ ಇರ್ಲಿ. ನೀರಿನ ಕೂಲರ್ ಇರೋರು ಅಂತೂ ಹಾಕ್ಲೇಬಾರದು, ಅದು ಹೊರಗಿನ ಗಾಳೀನೇ ಒಳಗೆ ತರೋದು.

ಮರಳುಗಾಳಿ:
ಒಂದು ತಿಂಗಳಾಯ್ತು, ಏನೇನಾಯ್ತು ಅಂತ ಹೇಳೋಣ ಅಂತ ಬಂದೆ.

ಫೋನ್ ಮಾಡಿದ್ದ ಕಂಪನಿಗೆ ಬೇಡ ಅಂದೆ. ಮೊದಲು ಟಿಶ್ಯೂ ಪಟ್ಟಿ ಹಿಡ್ಕೊಂಡು ಅಟ್ಟ ಹತ್ತಿದೆ, ಹನ್ನೊಂದು ಕಡೆ ಒಳಕ್ಕೆ ಎಳೀತು. ದೊಡ್ಡದು ಎಲ್ಲಿತ್ತು ಅಂದ್ರೆ ರಿಟರ್ನ್ ಡಬ್ಬ ಗೋಡೆಗೆ ಸೇರೋ ಮೂಲೆ, ಟೇಪ್ ಪೂರ್ತಿ ಕಿತ್ಕೊಂಡು ಬಿದ್ದಿತ್ತು, ನನ್ನ ಅಂಗೈ ಸಲೀಸಾಗಿ ಒಳಗೆ ಹೋಯ್ತು. ಆ ಬಾಯಿಯ ಸುತ್ತ ಒಂದು ಮೊಳದಷ್ಟು ದೂರ ಅಟ್ಟದ ನೆಲ ಒರೆಸಿಟ್ಟಂಗೆ ಕ್ಲೀನಾಗಿತ್ತು, ಅದರಾಚೆ ಧೂಳು ಎರಡು ಬೆರಳು ದಪ್ಪ. ಅಲ್ಲಿದ್ದ ಧೂಳೆಲ್ಲ ಎಲ್ಲಿಗೆ ಹೋಗಿದೆ ಅಂತ ಅರ್ಥ ಆದಾಗ ಸುಮ್ನೆ ಅಲ್ಲೇ ಕೂತ್ಬಿಟ್ಟೆ, ಅದನ್ನೇ ಮಗ ಉಸಿರಾಡಿರೋದು. ಎರಡು ಭಾನುವಾರ ಮಾಸ್ಕ್ ಹಾಕ್ಕೊಂಡು ಮ್ಯಾಸ್ಟಿಕ್ ಬಳಿದೆ, ಸ್ಲಾಟ್‌ಗೆ ತಗಡಿನ ಮುಚ್ಚಳ ಮಾಡ್ಸಿದೆ, ನಾಲ್ಕಿಂಚಿನ ಫಿಲ್ಟರ್ ಡಬ್ಬ ಕೂರ್ಸಿದ್ವಿ.

ಆಮೇಲೇ ಕ್ಲೀನಿಂಗ್ ಮಾಡಿಸಿದ್ದು, ಯಾಕಂದ್ರೆ ಸಪ್ಲೈ ವೆಂಟ್ ಒಳಗೆ ವಿಡಿಯೋ ತೆಗೆದಾಗ ತಗಡೇ ಕಾಣ್ತಿರಲಿಲ್ಲ, ಮರಳು ದಿಬ್ಬ ಥರ ಅಲೆ ಅಲೆಯಾಗಿ ಕೂತಿತ್ತು. ಬಂದವರು ಐದು ಗಂಟೆ ತಗೊಂಡ್ರು, ಟಿಶ್ಯೂ ಪ್ರತಿ ರೂಮಲ್ಲೂ ಒಳಕ್ಕೇ ಎಳೀತು. ಬ್ಲೋವರ್ ಚಕ್ರ ಹೊರಗೆ ತಂದು ತೋರಿಸಿದ್ರು, ರೆಕ್ಕೆ ಮಧ್ಯೆ ಉಗುರು ಹಾಕಿದ್ರೆ ಚಕ್ಕೆ ಚಕ್ಕೆಯಾಗಿ ಏಳ್ತಿತ್ತು. ಈಗ ಹಿಂದಿನ ರೂಮಿಗೆ ಗಾಳಿ ಎಷ್ಟು ಜೋರು ಅಂದ್ರೆ ಕ್ಯಾಲೆಂಡರ್ ಹಾಳೆ ಅಲ್ಲಾಡುತ್ತೆ.

ಮಗನ ಕೆಮ್ಮು ಕಮ್ಮಿ ಆಗಿದೆ. ಔಷಧಿಯಿಂದಾನೋ ಇದ್ರಿಂದಾನೋ ಹೇಳಕ್ಕಾಗಲ್ಲ, ಔಷಧಿ ನಿಲ್ಸಿಲ್ಲ. ಟೇಬಲ್ ಮೇಲೆ ಧೂಳು ಕೂರೋದು ಪೂರ್ತಿ ನಿಂತಿಲ್ಲ, ಆದ್ರೆ ಮೊದಲು ಒಂದು ದಿನಕ್ಕೆ ಕೂರ್ತಿದ್ದಷ್ಟು ಈಗ ನಾಲ್ಕೈದು ದಿನಕ್ಕೆ ಕೂರುತ್ತೆ. ನಿನ್ನೆ ಟಿಶ್ಯೂನ ಮುಂಬಾಗಿಲ ಕೆಳಗೆ ಹಿಡಿದೆ, ಅಲ್ಲೂ ಒಳಕ್ಕೆ ಬಾಗ್ತು. ಸಂದಿ ಅಳತೆ ತಗೊಂಡಿದೀನಿ, ನಾಳೆ ರಬ್ಬರ್ ಪಟ್ಟಿ ತರ್ತೀನಿ.

ಉಸಿರು:
ಸರ್, ಆ ಟಿಶ್ಯೂ ಪರೀಕ್ಷೆ ನಾನೂ ಈಗ ಮಾಡಿದೆ. ನಮ್ಮನೇಲಿ ಫಿಲ್ಟರ್ ಹಾಲ್ ಗ್ರಿಲ್ ಹಿಂದೆ ಇದೆ, ಅಟ್ಟದಲ್ಲಿ ರಿಟರ್ನ್ ಪೈಪ್ ಜಾಯಿಂಟಲ್ಲಿ ಪಟ್ಟಿ ಒಳಕ್ಕೆ ಅಂಟ್ಕೊಂಡ್ಬಿಡ್ತು. ಇದು ಫಿಲ್ಟರ್ ಆದ ಮೇಲಿನ ಭಾಗ ತಾನೆ ತಗಡುಕೆಲ್ಸ ಅವ್ರೇ?

ತಗಡುಕೆಲ್ಸ:
ಹೌದು ಮೇಡಂ, ಅಲ್ಲಿ ನುಗ್ಗಿದ್ದಕ್ಕೆ ಫಿಲ್ಟರೇ ಸಿಗಲ್ಲ, ನೇರ ಮಗಳ ರೂಮಿಗೆ. ಆ ಜಾಯಿಂಟಿನ ಫೋಟೋ ಹಾಕಿ, ದುಂಡಗಿದ್ಯಾ ಚೌಕ ಇದ್ಯಾ ನೋಡಿ ಹೇಗೆ ಮುಚ್ಚೋದು ಅಂತ ಇವತ್ತೇ ಹೇಳ್ತೀನಿ.